ಕಡ್ಡಿ ಹತ್ತದ ಮನೆಗಳು

ನನ್ನ ಸೋದರಮಾವನ ಜೇಬಿನಲ್ಲಿ ಬೆಂಕಿಪೆಟ್ಟಿಗೆ ಇಲ್ಲ ಅಂದರೆ ಅವನ ಮೈಯಲ್ಲಿ ಜೀವ ಇಲ್ಲ ಅಂತಲೇ ತಿಳಿಯಬೇಕು. ಬೀಡಿ ಸೇದುವುದಿಲ್ಲ, ಸಿಗರೇಟು ಮುಟ್ಟಿಲ್ಲ, ದೇವರ ದೀಪ ಹಚ್ಚುವುದೂ ಸೋಮವಾರ ಮಾತ್ರ. ಆದರೂ ಅಂಗಿಯ ಎಡಜೇಬಿನಲ್ಲಿ ಒಂದು ಪೆಟ್ಟಿಗೆ, ಸ್ವೆಟರಿನ ಒಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಇನ್ನೊಂದು! ಈ ಎರಡು ಪೆಟ್ಟಿಗೆಗಳ ಬಲದಿಂದ ಅವನು ಗೂಡಲೂರಿನಿಂದ ಊಟಿಯವರೆಗೆ ನಾನು ನೋಡಿದ ಬಾಡಿಗೆ ಮನೆಗಳಲ್ಲಿ ಹೆಚ್ಚಿನವನ್ನು ಒಂದೇ ಮಳೆಗಾಲದಲ್ಲಿ ನಾಪಾಸು ಮಾಡಿದ. ಅವನು ಓದಿದ್ದು ಆರನೇ ಕ್ಲಾಸು. ನಾಪಾಸಾಗುವುದು ಹೇಗಿರುತ್ತದೆ ಅಂತ ಅವನಿಗೆ ಗೊತ್ತಿರಬೇಕು. ಆದರೂ ಕರುಣೆ ತೋರಿಸಲಿಲ್ಲ.

'ಅವನು' ಅಂತ ಬರೆದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮನೆಯಲ್ಲಿ ಸೋದರಮಾವನಿಗೆ ಬಹುವಚನ ಕೊಟ್ಟರೆ ಜಗಳವಾಗಿದೆ ಅಂತ ಅರ್ಥ. ಅವನ ಮಾತನ್ನೂ ನಿಮಗೆ ತಿಳಿಯಲೆಂದು ಸ್ವಲ್ಪ ಮೈಸೂರಿನ ಕಡೆಗೆ ಎಳೆದು ಬರೆಯುತ್ತಿದ್ದೇನೆ. ಬೆಟ್ಟದ ಮಾತನ್ನು ಹಾಗೇ ಬರೆದರೆ ನೀವು ಹಳಗನ್ನಡದ ಪಂಡಿತರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಬೆಂಕಿಪೆಟ್ಟಿಗೆಯ ಕಥೆ ಹೀಗೆ. ಮಾವ ಅರವಂಕಾಡಿನ ಸಿಡಿಮದ್ದಿನ ಕಾರ್ಖಾನೆಯಲ್ಲಿ ಮೂವತ್ತಮೂರು ವರ್ಷ ದುಡಿದವನು. ಮದ್ದು ಮಾಡುವ ಜಾಗಕ್ಕೆ ಯಾರಾದರೂ ಬೆಂಕಿಕಡ್ಡಿ ಬಿಡುತ್ತಾರೆಯೇ? ಗೇಟಿನಲ್ಲಿ ದಿನಾ ಜೇಬು ತಡವುತ್ತಿದ್ದರು. ನಿವೃತ್ತಿಯಾದ ದಿನ ಹಾರ, ಶಾಲು, ಗೋಡೆ ಗಡಿಯಾರ ಹಿಡಿದು ಹೊರಗೆ ಬಂದವನು ಮಾಡಿದ ಮೊದಲ ಕೆಲಸ ಎದುರಿನ ಅಂಗಡಿಗೆ ಹೋಗಿ ಒಂದು ಡಜನ್ ಬೆಂಕಿಪೆಟ್ಟಿಗೆ ಕೊಂಡದ್ದು. "ಬೀಡಿ ಬೇಡ್ವಾ?" ಅಂತ ಅಂಗಡಿಯವನು ಕೇಳಿದನಂತೆ. "ಬೀಡಿ ಯಾಕೆ? ಕೆಮ್ಮು ಬರುತ್ತೆ" ಅಂದನಂತೆ ಮಾವ.

ಇನ್ನು ನನ್ನ ವಿಷಯ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವರಲ್ಲಿ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಪುಕ್ಕಟೆ ಸಿಕ್ಕಿದ್ದಲ್ಲ. ನನಗೆ ಬುದ್ಧಿ ಬರುವ ಮೊದಲೇ ಅಪ್ಪ ಹೋಗಿದ್ದ. ಕೀಳ್ ಕೋತಗಿರಿಯ ಎಸ್ಟೇಟಿನಲ್ಲಿ ಚಹಾ ಎಲೆ ಕೀಳುತ್ತಿದ್ದ ಅವ್ವ ನನಗೆ ಮೂರು ವರ್ಷವಾದಾಗ ಎದೆಯ ಕಾಯಿಲೆಯಲ್ಲಿ ಹೋದಳು. ಮದುವೆಯಾಗದ ಮಾವ ನನ್ನನ್ನು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಸಾಕಿದ, ಮೈಸೂರಿಗೆ ಕಳಿಸಿ ಓದಿಸಿದ. ಅಲ್ಲಿ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ, ಅಲ್ಲೇ ಮದುವೆ. ಹೋದ ವರ್ಷ ಆಫೀಸರ್ ಹುದ್ದೆಗೆ ಬಡ್ತಿ ಬಂತು. ಜೊತೆಗೆ ಊಟಿಗೆ ವರ್ಗ. ಜುಲೈ ಕೊನೆಯ ಸೋಮವಾರದೊಳಗೆ ಸೇರಬೇಕು. ಇಲ್ಲವಾದರೆ ಬಡ್ತಿ ಬೇಡ ಅಂತ ಬರೆದುಕೊಟ್ಟು ಹಳೇ ಕುರ್ಚಿಯಲ್ಲೇ ಕೂರಬೇಕು.

ಗಂಡನ ಕೆಲಸ ಮೈಸೂರಿನಲ್ಲೇ. ಆರು ವರ್ಷದ ಮಗಳು ನನ್ನ ಜೊತೆ. ತೊಡಕಿದ್ದದ್ದು ಅವಳ ಎದೆಯಲ್ಲಿ. ಮೋಡ ಕಂಡರೆ ಸಾಕು, ಹಳೇ ಬಾಗಿಲಿನ ಹಾಗೆ ಕುಯ್ಯಿಗುಟ್ಟುತ್ತದೆ. "ಚಳಿ ಪರವಾಗಿಲ್ಲ, ಬೆಚ್ಚಗೆ ಹೊದಿಸಿ. ತೇವದ ಮನೆ ಮಾತ್ರ ಬೇಡವೇ ಬೇಡ" ಅಂದರು ಡಾಕ್ಟರು. ಜುಲೈಯಲ್ಲಿ ನೀಲಗಿರಿಯಲ್ಲಿ ಒಣಗಿದ ಮನೆ! ಸಮುದ್ರಕ್ಕೆ ಹೋಗಿ ಒಣ ಟವೆಲ್ ಕೇಳಿದ ಹಾಗೆ.

ಹದಿನೈದು ದಿನ ರಜೆ ಹಾಕಿ ಮಗಳನ್ನು ಕರೆದುಕೊಂಡು ಹಟ್ಟಿಗೆ ಬಂದೆ. ಮಾವ ಈಗ ಇರುವುದು ಅಲ್ಲೇ, ನಮ್ಮ ಹಳ್ಳಿಮನೆಯ ಹಿಂದಿನ ಕೋಣೆಯಲ್ಲಿ. ಎರಡನೇ ದಿನವೇ ಮಗಳ ಎದೆ ಹಾಡಲು ಶುರುಮಾಡಿತು. ಮಾವ ಅವಳ ಬೆನ್ನಿಗೆ ಕಿವಿಯಿಟ್ಟು ಕೇಳಿದ. ಎದ್ದು ಹೋಗಿ ಕೊಡೆ ತಂದ.

"ನಡಿ, ಮನೆ ನೋಡೋಣ."

"ಇಷ್ಟು ಮಳೆಯಲ್ಲಾ?"

"ಮಳೆ ಇದ್ದಾಗಲೇ ಮನೆ ನೋಡಬೇಕು. ಬಿಸಿಲಲ್ಲಿ ಎಲ್ಲ ಮನೆಯೂ ಸುಳ್ಳು ಹೇಳುತ್ತೆ."

ತಮಾಷೆಗೆ ಹೇಳುತ್ತಿಲ್ಲ, ಒಂದು ದಿನ ಅಪ್ಪಿತಪ್ಪಿ ಬಿಸಿಲು ಬಂತು. ಬೆಟ್ಟಕ್ಕೆ ಬೆಟ್ಟವೇ ಬಟ್ಟೆ ಒಣಗಿಸಲು ಓಡಿತು. ಮಾವ ಮಾತ್ರ ಕಂಬಳಿ ಹೊದ್ದು ಮಲಗಿಬಿಟ್ಟ. "ಇವತ್ತು ಮನೆ ನೋಡೋದು ರದ್ದು!"

ಅವನ ಪರೀಕ್ಷೆ ಹೀಗಿತ್ತು. ಮನೆಯೊಳಗೆ ಬಂದವನು ಅಡುಗೆಮನೆ, ಬಚ್ಚಲು ಯಾವುದನ್ನೂ ನೋಡುವುದಿಲ್ಲ. ನೇರ ಮಲಗುವ ಕೋಣೆಯ ಬಡಗಣ ಮೂಲೆಗೆ ಹೋಗಿ ಗೋಡೆಗೆ ಕೆನ್ನೆ ಒತ್ತಿ ಕಣ್ಣು ಮುಚ್ಚುತ್ತಾನೆ. ಆಮೇಲೆ ಒಂದು ಬೆಂಕಿಪೆಟ್ಟಿಗೆಯನ್ನು ಅರ್ಧ ತೆರೆದು ನೆಲದ ಮೇಲಿಡುತ್ತಾನೆ. "ಮನುಷ್ಯರು ಮಲಗೋ ಮೊದಲು ಇದು ಒಂದು ರಾತ್ರಿ ಇಲ್ಲಿ ಮಲಗಲಿ. ನಾಳೆ ಬರ್ತೀವಿ." ಮಾರನೇ ದಿನ ಮೂರು ಕಡ್ಡಿ ಗೀರುತ್ತಾನೆ. ಮೊದಲನೆಯದೇ ಹತ್ತಿದರೆ ಪಾಸು. ಹತ್ತದಿದ್ದರೆ ಪೆಟ್ಟಿಗೆ ಜೇಬಿಗೆ, ಕಾಲಿಗೆ ಚಪ್ಪಲಿ.

ಮೊದಲು ಗೂಡಲೂರು. ನನ್ನ ಗಂಡನ ಸಲಹೆ. ಊಟಿಯಷ್ಟು ಚಳಿಯಿಲ್ಲ, ಮೈಸೂರಿಗೂ ಹತ್ತಿರ. ಮಲಯಾಳಿ ಅಮ್ಮ ಬಾಗಿಲು ತೆರೆದರು. ಮಳೆ ಹೇಗೆ ಅಂತ ಕೇಳಿದ್ದಕ್ಕೆ ನಗುನಗುತ್ತ, "ಕುರಚ್ಚೇ ಉಳ್ಳೂ" ಅಂದರು. ಸ್ವಲ್ಪವೇ ಅಂತೆ! ಹೆಂಚಿನ ಮೇಲೆ ಬೀಳುತ್ತಿದ್ದ ಮಳೆಯ ಸದ್ದಿಗೆ ಅವರು ಅದನ್ನು ಎರಡು ಸಲ ಕೂಗಿ ಹೇಳಬೇಕಾಯಿತು. ಮಾರನೇ ದಿನ ಹೋದಾಗ ಪೆಟ್ಟಿಗೆ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗಿತ್ತು. ಮಾವ ಗೀರಿದ. ಕಡ್ಡಿಯ ತಲೆಯೇ ಕಳಚಿ ಬಿತ್ತು. ಅದನ್ನು ಅಂಗೈಯಲ್ಲಿಟ್ಟು ಆ ಅಮ್ಮನಿಗೆ ತೋರಿಸಿದ. "ಕುರಚ್ಚೇ ಉಳ್ಳೂ" ಅಂದ.

ಆಮೇಲೆ ಮಸಿನಗುಡಿ. ಬೆಟ್ಟದ ಕೆಳಗಿನ ಕಾಡಂಚು, ಮಳೆ ಕಡಿಮೆ. ಕಡ್ಡಿ ಮುಟ್ಟುವ ಮೊದಲೇ ಹತ್ತಿತು ಅನ್ನಬೇಕು! ಮಾವ ಅರಳಿದ. ಮನೆಯ ಯಜಮಾನ ಮಾತ್ರ ಪ್ರಾಮಾಣಿಕ ಮನುಷ್ಯ. "ಸಾರ್, ಒಂದು ವಿಷಯ. ಆನೆ ಬರುತ್ತೆ. ವಾರಕ್ಕೆ ಎರಡೇ ಸಲ. ಹಿತ್ತಲಿಗೆ ಮಾತ್ರ."

"ಬರಲಿ" ಅಂದ ಮಾವ.

"ಮಾವ, ಆನೆ!"

"ಆನೆ ಬಂದ್ರೆ ಹೋಗುತ್ತೆ ಮಗಾ. ತೇವ ಬಂದ್ರೆ ಹೋಗಲ್ಲ."

ಆನೆಯನ್ನಾದರೂ ಸಹಿಸಬಹುದು, ದಿನಾ ಆಫೀಸಿಗೆ ಮೂವತ್ತಾರು ತಿರುವಿನ ರಸ್ತೆ ಹತ್ತಿಳಿಯಲಾರೆ ಅಂತ ನಾನೇ ಆ ಮನೆ ಬಿಟ್ಟೆ. ಪಾಸಾದ ಒಂದೇ ಹುಡುಗನನ್ನು ಹೆಡ್ಮಾಸ್ತರರು ಫೇಲ್ ಮಾಡಿದರೆ ಕ್ಲಾಸ್ ಮಾಸ್ತರರು ನೋಡುವಂತೆ ಮಾವ ನನ್ನನ್ನು ನೋಡಿದ.

ಊಟಿಯಲ್ಲಿ ನೋಡಿದ ಮನೆಗಳ ಪುರಾಣ ಬೇಡ. ಒಂದರಲ್ಲಿ ಗೋಡೆಗೆ ಕೆನ್ನೆಯಿಟ್ಟ ಮಾವನನ್ನು ನೋಡಿ ಮನೆಯವನು ತಮಿಳು ಬೆರೆಸಿ, "ಎನ್ನ ಸಾರ್, ಗೋಡೆಗೆ ಮುತ್ತು ಕೊಡ್ತೀರಾ?" ಅಂದ. ಇನ್ನೊಬ್ಬ, "ಬೆಂಕಿಪೆಟ್ಟಿಗೆ ಮಲಗೋದಕ್ಕೂ ಅಡ್ವಾನ್ಸ್ ಬೇಕು" ಅಂದ. ನಾನು ಆಫೀಸರ್! ಇನ್ನು ಎಂಟು ದಿನಕ್ಕೆ ಇದೇ ಊರಿನಲ್ಲಿ ಕುರ್ಚಿ ಹಾಕಿ ಕೂರಬೇಕಾದವಳು! ಮಾವನ ಹಿಂದೆ ಕೊಡೆಯಲ್ಲಿ ಮುಖ ಮುಚ್ಚಿಕೊಂಡು ನಡೆಯುತ್ತಿದ್ದೆ.

ಕೊನೆಗೆ ನನ್ನ ವಿದ್ಯೆ ನೆನಪಾಯಿತು. ಮೊಬೈಲಿನಲ್ಲಿ ಆರ್ಡರ್ ಮಾಡಿ ತೇವ ಅಳೆಯುವ ಯಂತ್ರ ತರಿಸಿದೆ. ಸರೋವರದ ಹತ್ತಿರ ಹೊಸ ಬಣ್ಣ ಬಳಿದ ಚಂದದ ಮನೆ. ಆಫೀಸು ಹತ್ತು ನಿಮಿಷ. ಯಂತ್ರವನ್ನು ಗೋಡೆಗಿಟ್ಟೆ. ಹಸಿರು ದೀಪ! "ನೋಡಿದೆಯಾ?" ಅಂದೆ. ಮಾವ ಮೂಗು ಅರಳಿಸಿ ಬಣ್ಣದ ವಾಸನೆ ಎಳೆದುಕೊಂಡ. ಪೆಟ್ಟಿಗೆ ಇಟ್ಟ. ಮಾರನೇ ದಿನ ಮೂರು ಕಡ್ಡಿಯೂ ಹತ್ತಲಿಲ್ಲ. "ಬೇಡ" ಅಂದ.

ಬಸ್‌ಸ್ಟ್ಯಾಂಡಿನಲ್ಲಿ ನನ್ನ ತಾಳ್ಮೆ ಕೆಟ್ಟಿತು. ಮಂಜಿನಲ್ಲಿ ಬಸ್ಸಿನ ಬೋರ್ಡೂ ಕಾಣುತ್ತಿಲ್ಲ. ಮಗಳು ನನ್ನ ಶಾಲಿನೊಳಗೆ ಉಸಿರಿಗೆ ಒದ್ದಾಡುತ್ತಿದ್ದಾಳೆ. ಇನ್ನು ಉಳಿದದ್ದು ಐದು ದಿನ.

"ನನ್ನ ಬಡ್ತಿ ಹೋಗ್ಲಿ ಅಂತಲೇ ಮಾಡ್ತಿದ್ದೀರಾ?" ಅಂದೆ. "ನಿಮಗೇನು ಗೊತ್ತು ಬಾಡಿಗೆ ಮನೆ ಅಂದ್ರೆ? ಜೀವಮಾನವೆಲ್ಲ ಕಂಪನಿ ಕೊಟ್ಟ ಕ್ವಾರ್ಟರ್ಸಲ್ಲಿ ಇದ್ದೋರು. ಒಂದು ಮನೆ ಹುಡುಕಿದ್ದೀರಾ? ಹೋಗ್ಲಿ, ನೀವು ಮಲಗೋ ಕೋಣೆಯಲ್ಲಿ ಕಡ್ಡಿ ಹತ್ತುತ್ತಾ?"

"ಹತ್ತಲ್ಲ" ಅಂದ. "ನನಗೆ ಪರವಾಗಿಲ್ಲ."

ಬಹುವಚನ ಅವನಿಗೆ ಕೇಳಿಸಿತ್ತು. ಕೊಡೆ ನನ್ನ ಕೈಗೆ ಕೊಟ್ಟು, ಮಳೆಯಲ್ಲೇ ನಡೆದು, ಯಾವುದೋ ಬಸ್ಸು ಹತ್ತಿ ಹೋದ.

ಆಮೇಲೆ ನಾಲ್ಕು ದಿನ ಅವನು ಬೆಳಿಗ್ಗೆ ಹೋದರೆ ಸಂಜೆ ಬರುವುದು. ಎಲ್ಲಿಗೆ ಅಂತ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಮಗಳ ಬೆನ್ನಿಗೆ ಕಿವಿಯಿಟ್ಟು ಕೇಳುವುದು ಮಾತ್ರ ಬಿಡಲಿಲ್ಲ. ನಾನು ಬಡ್ತಿ ಬೇಡವೆಂಬ ಕಾಗದ ಬರೆದು ಬ್ಯಾಗಿನಲ್ಲಿಟ್ಟೆ. ಹದಿನೇಳು ವರ್ಷ ಓದಿ, ಹನ್ನೆರಡು ವರ್ಷ ದುಡಿದು ಪಡೆದದ್ದನ್ನು ಬೇಡ ಅನ್ನಲು ನಾಲ್ಕೇ ಸಾಲು ಸಾಕಾಗುತ್ತದೆ ಅಂತ ಅವತ್ತು ತಿಳಿಯಿತು.

ಭಾನುವಾರ ಬೆಳಿಗ್ಗೆ ಮಾವನ ಫೋನ್. "ಸೋಲೂರಿಗೆ ಬಾ. ಮಗುವನ್ನೂ ಕರ್ಕೊಂಡು ಬಾ."

ಸೋಲೂರು ಊಟಿಯಿಂದ ಒಂದೇ ಬಸ್ಸಿನ ದಾರಿ, ಮಸಿನಗುಡಿಯ ಆ ತಿರುವುಗಳಿಲ್ಲ. ಚಹಾ ತೋಟದ ಮೇಲಂಚಿನಲ್ಲಿ ಒಂದು ಮನೆ; ಕೆಳಗೆ ತೋಟದ ಯಜಮಾನಿ, ಮೇಲೆ ಬಾಡಿಗೆಗೆ ಎರಡು ಕೋಣೆ. ಬೆನ್ನು ಗುಡ್ಡಕ್ಕೆ ತಾಗಿಲ್ಲ. ಕೆಳಗಿನ ಒಲೆಯ ಹೊಗೆಗೂಡು ಮಲಗುವ ಕೋಣೆಯ ಗೋಡೆಯೊಳಗಿಂದಲೇ ಮೇಲೆ ಹೋಗುತ್ತದೆ. ಯಜಮಾನಿ ಬಾಗಿಲಲ್ಲೇ ಸಿಕ್ಕಳು. "ಇವನು ನಿನ್ನ ಮಾವನಾ? ನಾಲ್ಕು ದಿನದಿಂದ ಬರ್ತಾನೆ, ಪೆಟ್ಟಿಗೆ ನೋಡ್ತಾನೆ, ಮುಟ್ಟಲ್ಲ, ಕಾಪಿ ಕುಡಿದು ಹೋಗ್ತಾನೆ. ಹುಚ್ಚ ಅಂದ್ಕೊಂಡೆ. ಆದ್ರೆ ಕಾಪಿ ಲೋಟ ತೊಳೆದಿಟ್ಟು ಹೋಗ್ತಾನಲ್ಲ, ಹುಚ್ಚ ಅಲ್ಲ ಅಂದ್ಕೊಂಡೆ."

ಮೇಲೆ ಮಾವ ಬಡಗಣ ಮೂಲೆಯಲ್ಲಿ ಕುಕ್ಕುರುಗಾಲಿನಲ್ಲಿ ಕೂತಿದ್ದ. ಹೊರಗೆ ಮಳೆ ಒಂದೇ ಸಮನೆ. ನಾಲ್ಕು ರಾತ್ರಿ ಮಲಗಿದ್ದ ಪೆಟ್ಟಿಗೆಯನ್ನು ತೆಗೆದುಕೊಂಡ. ಒಂದು ಕಡ್ಡಿ ಆರಿಸಿದ. ಗೀರಿದ.

ಹತ್ತಿತು.

ನಾನು ಕುಣಿಯಬೇಕಿತ್ತು. ಅವನ ಮುಖ ನೋಡಿ ಹೊಸ್ತಿಲಲ್ಲೇ ನಿಂತೆ. ಕಡ್ಡಿ ಉರಿಯುವುದನ್ನೇ ನೋಡುತ್ತ ಹೇಳಿದ.

"ಬಾಡಿಗೆ ಮನೆ ನಾನೂ ಒಂದು ಹುಡುಕಿದ್ದೆ ಮಗಾ. ಕೀಳ್ ಕೋತಗಿರಿಯಲ್ಲಿ. ನಿನ್ನ ಅವ್ವನಿಗೆ. ಮಾರ್ಚ್ ತಿಂಗಳಲ್ಲಿ ನೋಡಿದೆ. ಒಳ್ಳೆ ಬಿಸಿಲು, ಎಲೆ ತೂಗೋ ಶೆಡ್ಡಿಗೆ ಹತ್ತಿರ. ನಾನೇ ಒಪ್ಕೊಂಡೆ, ನಾನೇ ಸಾಮಾನು ಹೊತ್ತೆ. ಜುಲೈಯಲ್ಲಿ ನೋಡೋಕೆ ಹೋದಾಗ ನನಗೆ ಕಾಪಿ ಕಾಸೋಕೆ ಅಂತ ಒಲೆ ಮುಂದೆ ಕೂತ್ಲು. ಒಂದು ಕಡ್ಡಿ ಗೀರ್ತಾಳೆ, ಹತ್ತಲ್ಲ. ಇನ್ನೊಂದು, ಹತ್ತಲ್ಲ. ಒಂಬತ್ತು ಕಡ್ಡಿ. ನಾನು ಎಣಿಸ್ತಾ ಕೂತು ನಕ್ಕೆ. 'ಅಕ್ಕ, ನಿನಗೆ ಕಡ್ಡಿ ಗೀರೋಕೂ ಬರಲ್ವಲ್ಲ' ಅಂದೆ. ಅವಳೂ ನಕ್ಕಳು. ಕೆಮ್ತಾ ಕೆಮ್ತಾ ನಕ್ಕಳು."

ಬೆಂಕಿ ಬೆರಳಿಗೆ ಬಂದಿತ್ತು. ಅವನು ಬಿಡಲಿಲ್ಲ.

ನನಗೆ ಬೇರೇನೂ ತೋಚದೆ ಮೂಲೆಗೆ ಹೋಗಿ ಗೋಡೆಗೆ ಕೆನ್ನೆ ಒತ್ತಿದೆ. ಬೆಚ್ಚಗಿತ್ತು. ಕಡ್ಡಿ ಆರಿದ್ದು ಮಗಳಿಗೆ ಬೇಜಾರಾಯಿತು.

"ತಾತಾ, ಇನ್ನೊಂದು ಹಚ್ಚು."

ಮಾವ ಪೆಟ್ಟಿಗೆ ಮುಚ್ಚಿದ. ಉತ್ತರ ಕೊಟ್ಟದ್ದು ಅವಳಿಗಲ್ಲ, ನನಗೂ ಅಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡಿದ್ದ.

"ಒಂದೇ ಸಾಕಾಯ್ತು, ಅಕ್ಕ."