ಹಸಿರು ಡ್ರಮ್ಮಿಗೊಂದು ಜಾಗ

ಎರಡನೇ ಶನಿವಾರ ಬೆಳಿಗ್ಗೆ ಹಾಲು ತರಲು ಹೊರಟ ಮೋಹನ್‌ಬಾಬುವಿನ ಹೊಸ ಚಪ್ಪಲಿ ಬೀದಿಯ ತಿರುವಿನಲ್ಲಿ ಯಾರೋ ಎಸೆದಿದ್ದ ಹಲಸಿನ ಹಣ್ಣಿನ ಕಸಕ್ಕೆ ಅಂಟಿಕೊಂಡಿತು. ಕಾಲು ಮುಂದೆ ಬಂತು, ಚಪ್ಪಲಿ ಬರಲಿಲ್ಲ. ಬಗ್ಗಿ ಎಳೆದರೆ ಕೈಗೂ ಮೇಣ.

ಚಿಂತಾಮಣಿಯ ಆ ಬೀದಿ ಕಸದ ಗಾಡಿ ನುಗ್ಗಲಾರದಷ್ಟು ಕಿರಿದು. ಸಿಪ್ಪೆ, ತೊಟ್ಟು, ಹಳಸಿದ ಅನ್ನ ಎಲ್ಲವೂ ಆ ತಿರುವಿಗೇ ಬಂದು ಬೀಳುತ್ತಿತ್ತು. ಕಾಲೇಜೊಂದರಲ್ಲಿ ಗುಮಾಸ್ತನಾಗಿದ್ದ ಮೋಹನ್‌ಬಾಬು ಯಾರ ಮೇಲೂ ದೂರು ಹೇಳಿದವನಲ್ಲ. ಅಂದು ಮಾತ್ರ ಕೊಕ್ಕರೆಯಂತೆ ಒಂಟಿ ಕಾಲಿನಲ್ಲಿ ನಿಂತೇ ನಗರಸಭೆಯ ಹೆಲ್ತ್ ಇನ್ಸ್‌ಪೆಕ್ಟರ್ ತನುಜ ಅವರಿಗೆ ಫೋನ್ ಮಾಡಿದ.

"ನೀವು ಮಾಡಿದ್ದು ಒಳ್ಳೇದಾಯ್ತು ಸಾರ್," ಎಂದರು ತನುಜ. "ಹಸಿ ಕಸಕ್ಕೆ ಅಂತಲೇ ಚಕ್ರದ ಡ್ರಮ್ ಬಂದಿವೆ. ಬೀದಿಯೋರೆಲ್ಲ ಅದ್ರಲ್ಲಿ ತಂದು ಹಾಕ್ಲಿ, ನಮ್ಮೋರು ದಿನಾ ತಳ್ಕೊಂಡೋಗಿ ಗೊಬ್ಬರಕ್ಕೆ ಕಳಿಸ್ತಾರೆ. ಎಲ್ಲಿ ಇಡ್ಬೇಕು ಅಂತ ನೀವೇ ಜಾಗ ಗೊತ್ತು ಮಾಡಿ. ನಾಲ್ಕು ಗಂಟೆಗೆ ಬರ್ತೀನಿ. ಜಾಗ ಇಲ್ಲಾಂದ್ರೆ ಡ್ರಮ್ಮು ಪಕ್ಕದ ಬೀದಿಗೆ."

ದೂರು ಹೇಳಹೋದವನ ಹೆಗಲಿಗೇ ಕೆಲಸ ಬಿತ್ತು. ಅವನಿದ್ದದ್ದು ಮಹಡಿಯ ಬಾಡಿಗೆ ಮನೆ; ಡ್ರಮ್ಮು ಇಡಲು ಅವನದೆಂಬ ಬಾಗಿಲೇ ಬೀದಿಗಿರಲಿಲ್ಲ. ಕಾಫಿ ಕುಡಿದು, ಜಾಗಕ್ಕೆ ಒಪ್ಪಿದವರ ಸಹಿ ಹಾಕಿಸಲೆಂದು ಬಿಳಿ ಹಾಳೆ ಹಿಡಿದು ಕೆಳಗಿಳಿದ.

ಎದುರು ಮನೆಯ ಮುನಿನಾರಾಯಣಪ್ಪ ನಿವೃತ್ತ ಬಸ್ ಕಂಡಕ್ಟರು. ವಿಷಯ ಕೇಳಿ ಹಿಗ್ಗಿದರು.

"ಭೇಷ್! ಇದು ಆಗ್ಲೇಬೇಕಾದ ಕೆಲ್ಸ."

"ಹಂಗಾದ್ರೆ ನಿಮ್ ಕಾಂಪೌಂಡ್ ಪಕ್ಕ ಇಡಾಣ್ವಾ ಸಾರ್?"

"ಮುಂದಕ್ಕೋಗಪ್ಪ, ಮುಂದೆ ಜಾಗ ಐತೆ," ಎಂದರು ಮುನಿನಾರಾಯಣಪ್ಪ, ಮೂವತ್ತು ವರ್ಷದ ಅಭ್ಯಾಸದಲ್ಲಿ.

ಮುಂದಿನ ಮನೆ ಎರಡು ಹಸು ಸಾಕಿದ್ದ ಅಮ್ಮಾಜಮ್ಮನದು. "ಅಯ್ಯೋ ನಾಯನಾ, ಸಿಪ್ಪೆ ವಾಸ್ನೆಗೆ ನಮ್ ಗೌರಿ ಡ್ರಮ್ಮೊಳಕ್ಕೆ ತಲೆ ತುರುಕ್ತಾಳೆ. ಕೊಂಬು ಸಿಕ್ಕಾಕ್ಕೊಂಡ್ರೆ ನೀನು ಬಂದು ಬಿಡಿಸ್ತೀಯಾ?"

ಗೌರಿಯ ಕೊಂಬನ್ನು ನೋಡಿದ ಮೋಹನ್‌ಬಾಬು, ಎರಡೂ ಮನೆಯ ನಡುವಿನ ಲೈಟ್ ಕಂಬದ ಹತ್ತಿರ ಇಡೋಣವೆಂದ. ಚರಂಡಿ ನೀರಿನ ಜಗಳದಲ್ಲಿ ಆರು ವರ್ಷದಿಂದ ಮಾತು ಬಿಟ್ಟಿದ್ದ ಅಮ್ಮಾಜಮ್ಮ ಮತ್ತು ಮುನಿನಾರಾಯಣಪ್ಪ ಆ ಕ್ಷಣವೇ ಒಂದಾದರು.

"ಕೇಳಿದ್ರಾ ಅಣ್ಣಾ, ಇವನ ಮಾತ?"

"ಕೇಳ್ದೆ ಕಣಮ್ಮ. ಬಾಡಿಗೆಗೆ ಇರೋರು, ನಾಳೆ ಗಂಟುಮೂಟೆ ಕಟ್ಕೊಂಡು ಹೋಗ್ತಾರೆ. ಡ್ರಮ್ಮು ನಮ್ ಪಾಲಿಗೆ!"

ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿ ಮುಗಿಯಿತು. ಹಾಳೆ ಬಿಳಿಯಾಗಿಯೇ ಇತ್ತು. ಒಬ್ಬರಿಗೆ ಈಶಾನ್ಯ ಮೂಲೆ, ಇನ್ನೊಬ್ಬರಿಗೆ ಬಾಣಂತಿ ಮನೆ, ಮತ್ತೊಬ್ಬರ ಕಾರು ಅಲ್ಲೇ ನಿಲ್ಲಬೇಕು. ಕಾರು ಇನ್ನೂ ಕೊಂಡಿರಲಿಲ್ಲ, ಅಷ್ಟೇ.

ನಾಲ್ಕಕ್ಕೆ ಸರಿಯಾಗಿ ತನುಜ ಬಂದರು, ಹಿಂದೆಯೇ ಹಸಿರು ಡ್ರಮ್ಮೂ ಬಂತು. "ಇನ್ನರ್ಧ ಗಂಟೆ ಟೈಮ್ ಕೊಡಿ ಮೇಡಂ," ಎಂದು ಗೋಗರೆದು ಮೋಹನ್‌ಬಾಬು ತಾನೇ ಡ್ರಮ್ಮು ತಳ್ಳಿಕೊಂಡು ಹೊರಟ. ಗಡಗಡ ಸದ್ದಿಗೆ ಜನ ಬಾಗಿಲಿಗೆ ಬಂದರು. ಬಣ್ಣ ಚೆನ್ನಾಗಿದೆ ಎಂದರು, ಮುಚ್ಚಳ ಎತ್ತಿ ನೋಡಿದರು, ತಟ್ಟಿ ನೋಡಿದರು. ಹೆಣ್ಣು ನೋಡಲು ಬಂದವರಂತೆ ಎಲ್ಲ ಹೊಗಳಿ, ಆಮೇಲೆ ತಿಳಿಸುತ್ತೇವೆಂದು ಒಳಗೆ ಹೋದರು.

ತಳ್ಳುತ್ತ ತಳ್ಳುತ್ತ ಬೀದಿಯೇ ಮುಗಿದುಹೋಯಿತು. ಅಲ್ಲಿತ್ತು ಒಂದು ಖಾಲಿ ಸೈಟು, ಆಳೆತ್ತರ ಕಳೆ ಬೆಳೆದು.

"ಇದು ಯಾರದು?" ಏದುಸಿರು ಬಿಡುತ್ತ ಕೇಳಿದ ಮೋಹನ್‌ಬಾಬು.

"ಹೊಸಕೋಟೆ ಕಡೆಯೋರದಂತೆ," ಎಂದರು ಹಿಂದೆಯೇ ನಡೆದು ಬಂದಿದ್ದ ಮುನಿನಾರಾಯಣಪ್ಪ. "ಹತ್ತು ವರ್ಷದಿಂದ ಒಂದು ನರಪಿಳ್ಳೆ ಈ ಕಡೆ ಬಂದಿಲ್ಲ."

ಬಾರದವರ ತಕರಾರು ಇರುವುದಿಲ್ಲವಲ್ಲ! ಆ ಸೈಟಿನ ಮುಂದೆ, ರಸ್ತೆಯ ಅಂಚಿಗೆ ಡ್ರಮ್ಮು ನಿಂತಿತು. ಬೆಳಗಿನಿಂದ ಪೆನ್ನು ಮುಟ್ಟದವರು ಸಾಲುಗಟ್ಟಿ ಸಹಿ ಹಾಕಿದರು. ಅಮ್ಮಾಜಮ್ಮ ಡ್ರಮ್ಮಿಗೆ ಅರಿಶಿನ ಕುಂಕುಮವನ್ನೂ ಇಟ್ಟರು.

"ಒಂದು ಮಾತು," ಎಂದರು ತನುಜ. "ಮತ್ತೆ ಜಾಗ ಬದಲಾಯಿಸ್ಬೇಕು ಅಂದ್ರೆ ಇಷ್ಟೂ ಜನ ಒಪ್ಪಿ ಸೈನ್ ಹಾಕ್ಬೇಕು."

"ಯಾಕೆ ಬದಲಾಯಿಸ್ತೀವಿ ಮೇಡಂ?" ಎನ್ನುತ್ತ ಮೋಹನ್‌ಬಾಬು ಕೊನೆಯಲ್ಲಿ ತನ್ನ ಸಹಿ ಹಾಕಿ, ಕೆಳಗೆ ಎರಡು ಗೆರೆಯನ್ನೂ ಎಳೆದ.

ಬೀಗುತ್ತ ಮನೆ ಸೇರಿದರೆ ಅಂಬಾಜಿದುರ್ಗದ ಕಡೆಯಿಂದ ಮಾವ ನರಸಿಂಹಪ್ಪ ಬಂದು ಕುಳಿತಿದ್ದರು. ಹೆಂಡತಿ ಭಾನುಪ್ರಿಯಾ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು.

"ರೀ, ಅಪ್ಪ ನಮಗೆ ಸೈಟ್ ಕೊಡ್ಸವ್ರೆ! ಹೋದ ವಾರಾನೇ ರಿಜಿಸ್ಟರ್ ಆಗದೆ, ನನ್ನ ಹೆಸರಿಗೆ ಬರ್ಕೊಡ್ತಾರಂತೆ."

ನರಸಿಂಹಪ್ಪ ಪತ್ರಗಳ ಚೀಲವನ್ನು ಅಳಿಯನ ಕೈಗಿಟ್ಟರು. "ನೀವೂ ಎಷ್ಟ್ ದಿನ ಅಂತ ಬಾಡಿಗೆ ಮನೇಲಿರ್ತೀರ? ದೂರ ಬೇಡ ಅಂತ ಇದೇ ಬೀದಿ ಕೊನೇಲಿ ನೋಡ್ದೆ. ಹೊಸಕೋಟೆಯೋರು ಬಲು ಸತಾಯಿಸಿ ಕೊಟ್ರು."

ಮೋಹನ್‌ಬಾಬು ಚೀಲದೊಳಗೆ ಇಣುಕಿ ಸೈಟಿನ ವಿಳಾಸವನ್ನು ಎರಡು ಸಲ ಓದಿದ.

"ಈಗ ನೋಡ್ಕೊಂಡೇ ಬಂದೆ," ಮಾವ ಮುಂದುವರಿಸಿದರು. "ಯಾವನೋ ತಲೆಕೆಟ್ಟೋನು ಸರಿಯಾಗಿ ಗೇಟ್ ಬರೋ ಜಾಗದಲ್ಲೇ ಕಸದ ಡ್ರಮ್ಮು ಮಡಗವ್ನೆ. ಅವನ್ಯಾರು ಅಂತ ವಿಚಾರಿಸಪ್ಪ. ಹಿಡಿದು ಬುದ್ಧಿ ಹೇಳಾಣ."

ಅಷ್ಟರಲ್ಲಿ ಬಾಗಿಲ ಬಳಿ ಅಮ್ಮಾಜಮ್ಮ ನಿಂತಿದ್ದರು, ಕೈಯಲ್ಲಿ ಸೋರೆಕಾಯಿ ಸಿಪ್ಪೆಯ ಬಕೆಟ್ಟು. ಸೈಟಿನ ಸುದ್ದಿಯಷ್ಟೂ ಮೆಟ್ಟಿಲಲ್ಲೇ ಅವರ ಕಿವಿಗೆ ಬಿದ್ದಿತ್ತು.

"ಹೊಸಾ ಡ್ರಮ್ಮು, ಮೊದ್ಲು ನಿನ್ ಕೈಯಿಂದ್ಲೇ ಬೀಳ್ಲಿ ಅಂತ ಬಂದೆ ನಾಯನಾ. ಆ ಸೈಟು ನಿಮ್ದೇ ಅಂತ ಈಗ ತಿಳೀತು ನೋಡು! ಬೆಳಗಿಂದ ನಿಮ್ಮ ಅಳಿಯ ಸುಮ್ನೆ ಅಲೆದಿಲ್ಲ ಯಜಮಾನ್ರೇ. ಬೀದಿಯೋರಿಗೆ ತೊಂದ್ರೆ ಆಗ್ಬಾರ್ದು ಅಂತ ಸ್ವಂತ ಜಾಗದ ಮುಂದೇನೇ ಇಡ್ಸವ್ನೆ. ಇಂಥ ಅಳಿಯ ಸಿಗೋದು ಪುಣ್ಯ ಅಲ್ವಾ?"

ನರಸಿಂಹಪ್ಪ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಪತ್ರಗಳ ಚೀಲವನ್ನು ಅವನ ಕೈಯಿಂದ ತೆಗೆದು ಮಗಳಿಗೆ ಕೊಟ್ಟರು. ಅಮ್ಮಾಜಮ್ಮನ ಬಕೆಟ್ಟನ್ನು ಇಸಿದುಕೊಂಡು ಅಳಿಯನ ಕೈಗಿಟ್ಟರು.

"ಹೋಗಪ್ಪ," ಎಂದರು, "ಹಾಕಿ ಬಾ."