ಬೆರಳೆತ್ತಿಸುವ ಹುಬ್ಬು

ನನ್ನ ಮುಖಕ್ಕೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ. ಇಸ್ಪೀಟಿನಲ್ಲಿ ಒಳ್ಳೆಯ ಎಲೆ ಬಂದರೆ ಎದುರಿನವರಿಗೆ ನನಗಿಂತ ಮೊದಲೇ ತಿಳಿಯುತ್ತದೆ. ಇಂಥ ಮುಖ ಹೊತ್ತುಕೊಂಡು ಹಾಸನಕ್ಕೆ ಬಂದು, ಕಿವಿ ಮತ್ತು ಮಾತಿನ ತೊಂದರೆಗಳನ್ನು ಪರೀಕ್ಷಿಸುವ ಓದಿಗೆ ಸೇರಿದೆ. ಹೊಳೆನರಸೀಪುರದ ದೊಡ್ಡಪ್ಪನಿಗೆ ಈ ಓದು ಏನೆಂದು ವಿವರಿಸುವಷ್ಟರಲ್ಲಿ ಸಾಕುಸಾಕಾಯಿತು. ಎಲ್ಲವನ್ನೂ ಕೇಳಿ ಅವರು, "ಕಿವಿ ಗುಗ್ಗೆ ತೆಗ್ಯಕೆ ನಾಕ್ ವರ್ಸ ಓದ್ಬೇಕೇನವ್ವ?" ಎಂದರು.

ಎರಡನೇ ವರ್ಷ ನಮ್ಮ ಕೈಗೆ ಯಂತ್ರ ಕೊಟ್ಟರು. ಪರೀಕ್ಷೆಗೆ ಬಂದವರನ್ನು ಸದ್ದು ನುಗ್ಗದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಗಾಜಿನ ಈಚೆಯಿಂದ ಗುಂಡಿ ಒತ್ತಬೇಕು. ಸದ್ದು ಕೇಳಿದರೆ ಅವರು ಬೆರಳೆತ್ತಬೇಕು. ದುದ್ದದ ಕಡೆಯ ನಂಜಪ್ಪ ತಾತನನ್ನು ಅವರ ಸೊಸೆ ಕರೆತಂದಿದ್ದಳು. "ಲಾರಿ ಆರನ್ ಮಾಡುದ್ರೂ ಕೇಳಾಕಿಲ್ಲ ಕಣವ್ವ. ಮೊನ್ನೆ ರೋಡ್ ದಾಟೋವಾಗ ಒಂಚೂರಲ್ಲಿ ಉಳ್ಕಂಡ್ರು," ಎಂದು ಅವಳು ಕಣ್ಣೊರೆಸಿಕೊಂಡಳು. ನಾನು ಗುಂಡಿ ಒತ್ತಿದೆ. ತಾತ ಬೆರಳೆತ್ತಿದರು. ಸದ್ದು ಇಳಿಸಿದೆ, ಎತ್ತಿದರು. ಸೊಳ್ಳೆಗೂ ಕೇಳಿಸದಷ್ಟು ಇಳಿಸಿದೆ, ಆಗಲೂ ಎತ್ತಿದರು! "ನಿಮ್ಮ ಮಾವನ ಕಿವಿ ಹದಿನೆಂಟರ ಹುಡುಗನದು," ಎಂದು ಸಂಭ್ರಮದಿಂದ ಹೇಳಿದೆ. ಸೊಸೆ ಮಾವನನ್ನು ದುರುಗುಟ್ಟಿ ನೋಡಿ, "ಅಂಗಾರೆ ಇಷ್ಟ್ ದಿನ ನಾ ಕರದ್ರೂ ಬೇಕಂತ್ಲೇ ಓಗೊಡ್ತಿರ್ಲಿಲ್ವಾ?" ಎಂದಳು. ತಾತ ಏನೂ ಕೇಳಿಸದೆ ಪ್ರಸನ್ನರಾಗಿ ನಕ್ಕರು.

ನಮ್ಮ ಮೇಡಂ ನನ್ನ ವರದಿ ನೋಡಿದರು, ನನ್ನ ಮುಖ ನೋಡಿದರು, ಹೋಗಿ ತಾತನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದರು. ಆಮೇಲೆ ತೀರಾ ಜೋರು ಸದ್ದಿಗೆ ಬಿಟ್ಟರೆ ಬೆರಳು ಏಳಲಿಲ್ಲ. ಮೇಡಂ ಕಿವಿಯ ಹತ್ತಿರ ಬಗ್ಗಿ ಕೂಗಿ ಕಾರಣ ಕೇಳಿದಾಗ ತಾತ, "ಆ ಮಗ ಗುಂಡಿ ಒತ್ತಿದಾಗ್ಲೆಲ್ಲ ಉಬ್ಬು ಏರಿಸ್ತಿತ್ತು ಕಣವ್ವ. ನಾ ಬೆರಳೆತ್ತಿದ್ರೆ ಅದೇನ್ ಖುಸಿ ಅಂತೀಯ! ಓದೋ ಮಗ, ಯಾಕ್ ಬೇಜಾರ್ ಮಾಡದು ಅಂತ ಎತ್ತಿದೆ," ಎಂದರು. ನನಗೆ ನಾಚಿಕೆಗಿಂತ ಹೆದರಿಕೆಯೇ ಹೆಚ್ಚಾಯಿತು. ಕಿವಿ ಸರಿಯಿದೆ ಎಂಬ ನನ್ನ ಖುಷಿಯ ಚೀಟಿ ಹಿಡಿದು ತಾತ ಮತ್ತೆ ಅದೇ ರಸ್ತೆ ದಾಟುತ್ತಿದ್ದರು. ಅವರಿಗೆ ಕಿವಿಯ ಮಿಷನ್ ಬರೆದುಕೊಟ್ಟರು.

ಮೇಡಂ ನನ್ನ ಹಳೆಯ ವರದಿಗಳನ್ನೂ ತೆಗೆಸಿದರು. ಅವುಗಳ ಪ್ರಕಾರ ನಾನು ಪರೀಕ್ಷಿಸಿದವರಲ್ಲಿ ಒಬ್ಬರಿಗೂ ಕಿವಿಯ ದೋಷವಿರಲಿಲ್ಲ. ಎಲ್ಲರನ್ನೂ ಫೋನ್ ಮಾಡಿ ವಾಪಸ್ ಕರೆಸಬೇಕೆಂದು ಅಪ್ಪಣೆಯಾಯಿತು. ಸಾಲಗಾಮೆಯವರು, "ಆ? ಯಾರು? ಜೋರಾಗ್ ಯೋಳವ್ವ!" ಎಂದರು. ದಂಡಿಗನಹಳ್ಳಿಯವರು ಎಲ್ಲದಕ್ಕೂ "ಊಂ, ಊಂ" ಎಂದು ಫೋನಿಟ್ಟರು. ಸಂಜೆಯವರೆಗೆ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ಮಾರನೆಯ ದಿನ ಪಕ್ಕದ ಮಾತಿನ ವಿಭಾಗದಲ್ಲಿ ನಾನೇ ರೋಗಿ. ನನ್ನ ಗೆಳತಿಗೆ ಅದು ಮೊದಲ ಕೇಸು. ಒಂದು ಗಂಟೆ ಗಂಟಲಿನ ವ್ಯಾಯಾಮ ಮಾಡಿಸಿ, ಆಸೆಯಿಂದ ನನ್ನ ಮುಖ ನೋಡುತ್ತಾ, "ಈಗ ಕಮ್ಮಿ ಆಯ್ತು ಅಲ್ವಾ?" ಎಂದಳು.

ಗಂಟಲು ಹಾಗೇ ಉರಿಯುತ್ತಿತ್ತು. ಹೌದೆಂದು ತಲೆಯಾಡಿಸಿದೆ.