ಕೊಟ್ರಬಸಪ್ಪನ ಡಿಶ್, ಓಂಕಾರಪ್ಪನ ಟವರ್

ಬೆಳಿಗ್ಗೆ ಟಿ.ವಿ. ಹಾಕಿದರೆ ವಾರ್ತೆ ಓದುವವನ ಮುಖ ಬರ್ಫಿ ಕತ್ತರಿಸಿದ ಹಾಗೆ ಚೌಕ ಚೌಕವಾಗಿ ಒಡೆದಿತ್ತು. ಮೂಗು ಕಿವಿಯ ಜಾಗಕ್ಕೆ ಹೋಗಿತ್ತು, ಬಾಯಿ ಎಲ್ಲೂ ಇರಲಿಲ್ಲ. ಕೊಟ್ರಬಸಪ್ಪ ರಿಮೋಟನ್ನು ತೊಡೆಗೆ ಬಡಿದ. ತಲೆ ಓರೆ ಮಾಡಿ ನೋಡಿದ. ಮೂಗು ತನ್ನ ಜಾಗಕ್ಕೆ ಬರಲಿಲ್ಲ.

ಬೇರೆ ದಿನವಾಗಿದ್ದರೆ ಟಿ.ವಿ. ಆರಿಸಿ ಗಿರಣಿಗೆ ಹೋಗುತ್ತಿದ್ದ. ಸವಳಂಗದಲ್ಲಿ ಅವನದು ಹಿಟ್ಟಿನ ಗಿರಣಿ. ದಿನವಿಡೀ ಅದರ ಸದ್ದಿನಲ್ಲಿ ಕೂತು, ಮನೆಯಲ್ಲಿ ಯಾರೂ ಮಾತಾಡದಿದ್ದರೆ ಅದೇ ಸುಖ ಎಂದುಕೊಂಡಿದ್ದ ಮನುಷ್ಯ. ಆದರೆ ಇವತ್ತು ಸಂಜೆ ಐದಕ್ಕೆ ಅವನ ಹೆಂಡತಿ ಪ್ರಮೀಳಾ ಟಿ.ವಿ.ಯಲ್ಲಿ ಬರುವವಳಿದ್ದಳು, ನೇರ ಪ್ರಸಾರದಲ್ಲಿ. ಓಣಿಯ ಹೆಂಗಸರ ಸಂಘ ಕಟ್ಟಿಕೊಂಡು ಖಡಕ್ ರೊಟ್ಟಿ ಮಾಡಿ, ಫೋನಿನಲ್ಲೇ ಆರ್ಡರ್ ಹಿಡಿದು ಊರೂರಿಗೆ ಕಳಿಸುವವಳೆಂದು ಬೆಂಗಳೂರಿನ ಟಿ.ವಿ.ಯವರು ಕರೆಸಿಕೊಂಡಿದ್ದರು.

ನಿನ್ನೆ ಬಸ್ಸು ಹತ್ತುವಾಗ ಅವಳು ಹೇಳಿದ್ದಳು: "ದಾವಣಗೆರೆಯಾಗೆ ಸನ್ಮಾನ ಮಾಡಿದ್ರು, ನೀವು ಬರಲಿಲ್ಲ. ಹೊನ್ನಾಳಿಯಾಗೆ ಭಾಷಣ ಮಾಡಿದೆ, ಗಿರಣಿ ಬೆಲ್ಟ್ ಹರಿದೈತೆ ಅಂದ್ರಿ. ಈ ಸಲ ಎಲ್ಲಿಗೂ ಬರೋದು ಬ್ಯಾಡ, ಕುಂತಲ್ಲೇ ಕುಂತು ನೋಡ್ರಿ. ಅಷ್ಟೂ ಆಗದಿದ್ರೆ ಇನ್ಮೇಲೆ ನಿಮಗೆ ಏನೂ ಹೇಳಲ್ಲ."

ಸಿಟ್ಟಿನಿಂದ ಹೇಳಿದ್ದರೆ ಅವನು ಮರೆಯುತ್ತಿದ್ದ. ತಣ್ಣಗೆ ಹೇಳಿದ್ದಳು. ಏನೂ ಹೇಳದ ಪ್ರಮೀಳಾ ಮನೆಯಲ್ಲಿ ಓಡಾಡುವುದನ್ನು ನೆನೆದಾಗ, ತಾನು ಇಷ್ಟು ವರ್ಷ ಸುಖವೆಂದುಕೊಂಡಿದ್ದ ಮೌನ ಬೇರೆ, ಇದು ಬೇರೆ ಎಂದು ಅವನಿಗೆ ಮೊದಲ ಸಲ ಅನ್ನಿಸಿತ್ತು.

ಅವನ ಮಾಳಿಗೆಯ ಮೇಲೆ ಗಾಡಿಚಕ್ರಕ್ಕಿಂತ ದೊಡ್ಡದಾದ ಹಳೆಯ ಜಾಲರಿ ಡಿಶ್ ಇತ್ತು. ಅದಕ್ಕೆ ತಿಂಗಳ ದುಡ್ಡು ಕಟ್ಟಬೇಕಿರಲಿಲ್ಲ. ಓಣಿಯವರೆಲ್ಲ ಸಣ್ಣ ಡಿಶ್ ಹಾಕಿಸಿಕೊಂಡಾಗ, "ಊಟದ ತಟ್ಟೆ ಗ್ವಾಡಿಗೆ ಬಡಿದೀರಲ್ಲೋ" ಎಂದು ನಕ್ಕಿದ್ದ. ಈ ಕಾರ್ಯಕ್ರಮಕ್ಕೂ ಇಡೀ ಓಣಿಯನ್ನು ತನ್ನ ಮನೆಗೇ ಕರೆದಿದ್ದ. ಇನ್ನು ಯಾರ ತಟ್ಟೆಯ ಮುಂದೆ ಹೋಗಿ ಕೂರುವುದು?

ಕಾರಣ ಎದುರಿಗೇ ನಿಂತಿತ್ತು. ಎದುರು ಮನೆಯ ಓಂಕಾರಪ್ಪನ ಮಾಳಿಗೆಯ ಮೇಲಿನ ಹೊಸ ಮೊಬೈಲ್ ಟವರ್ ನಿನ್ನೆ ಸಂಜೆಯಷ್ಟೇ ಚಾಲೂ ಆಗಿತ್ತು.

"ಓಂಕಾರಣ್ಣ, ಸಂಜಿಗೆ ಅರ್ಧ ಗಂಟೆ ಅದನ್ನ ಆರಿಸಾಕೆ ಆಗ್ತೈತೇನು?" ಕೊಟ್ರಬಸಪ್ಪ ಆದಷ್ಟು ಮೆತ್ತಗೆ ಕೇಳಿದ.

"ಅದರ ಸ್ವಿಚ್ ನನ್ನ ಕೈಯಾಗೆ ಇದ್ದಿದ್ರೆ ನಿನ್ನೆ ರಾತ್ರಿ ನಾನೇ ಆರಿಸಿ ಮಲಗ್ತಿದ್ದೆ. ಗುಂಯ್ ಅಂತೈತೆ ಮಾರಾಯ. ಜಾಗ ಅಷ್ಟೇ ನಂದು."

ನ್ಯಾಮತಿಯಲ್ಲಿ ಡಿಶ್ ರಿಪೇರಿ ಮಾಡುವ ಭೀಮೇಶನಿಗೆ ಕೊಟ್ರಬಸಪ್ಪ ಫೋನ್ ಹಚ್ಚಿದ. ಭೀಮೇಶ ಕಾಯಿಲೆ ಕೇಳಿದ ಡಾಕ್ಟರಂತೆ ನಿಟ್ಟುಸಿರು ಬಿಟ್ಟ. "ಟವರಿನ ಅಲೆ ನಿಮ್ಮ ಡಿಶ್‌ಗೆ ನುಗ್ತಾ ಐತಣ್ಣ. ದೊಡ್ಡ ಡಿಶ್‌ಗೆ ಮಾತ್ರ ಹಿಂಗಾಗೋದು. ಫಿಲ್ಟರ್ ಹಾಕಬೇಕು, ತರಿಸಾಕೆ ನಾಕು ದಿನ ಹಿಡೀತೈತೆ. ಅಲ್ಲಿತಂಕ ಟವರಿಗೂ ಡಿಶ್‌ಗೂ ನಡುವೆ ತಗಡು ಅಡ್ಡ ನಿಲ್ಸಿ ನೋಡ್ರಿ."

ತಗಡು ಕೊಟ್ಟವನೂ ಓಂಕಾರಪ್ಪನೇ. "ಟವರಿನ ಜಾಗ ನಂದು, ತಗಡೂ ನಂದೇ ಇರ್ಲಿ" ಎಂದು ಕೊಟ್ಟಿಗೆಯಿಂದ ಎಳೆದುಕೊಟ್ಟ. ಮಾಳಿಗೆಯ ಮೇಲೆ ಮೊದಲು ತಪ್ಪು ಕಡೆ ನಿಲ್ಲಿಸಿದರು. ಒಡೆದ ಚಿತ್ರವೂ ಹೋಗಿ ಪರದೆ ಕಪ್ಪಾಯಿತು. ತಿರುಗಿಸುವಷ್ಟರಲ್ಲಿ ಗಾಳಿ ಬೀಸಿ, ತಗಡು ಹದ್ದಿನಂತೆ ಹಾರಿ ಪಕ್ಕದ ಮನೆ ಶಾಂತಾದೇವಿಯ ಸಂಡಿಗೆಯ ಮೇಲೆ ಇಳಿಯಿತು.

"ಹೆಂಡ್ತಿನ ನೋಡಾಕೆ ಇಷ್ಟು ಹಾರಾಡ್ತಿಯಲ್ಲೋ ಕೊಟ್ರ," ಎಂದಳು ಶಾಂತಾದೇವಿ ಸಂಡಿಗೆಯ ಚೂರು ಆರಿಸುತ್ತ, "ಮನೆಯಾಗೆ ಇದ್ದಾಗ ಒಂದಿನ ತಲೆ ಎತ್ತಿ ನೋಡಿದ್ದು ನಾ ಕಾಣೆ."

ಮಾಳಿಗೆಯಲ್ಲಿದ್ದವರು ನಕ್ಕರು. ಅವನೂ ನಗಲು ಹೋದ, ಆಗಲಿಲ್ಲ. ತಗಡಿಗೆ ಹಗ್ಗ ಬಿಗಿದ.

ಐದು ಸಮೀಪಿಸಿತು. ಪಡಸಾಲೆ ತುಂಬಿತು. ತಗಡಿನಿಂದ ಚಿತ್ರ ಮುಕ್ಕಾಲು ಪಾಲು ಕೂಡಿಕೊಂಡರೂ ಆಗಾಗ ನಡುಗುತ್ತಿತ್ತು. ಆಗ ಬಾಯಿ ಹಾಕಿದವನು ಗಿಡ್ಡಪ್ಪ. ಹಿಂದೊಮ್ಮೆ ವೈರಿಂಗ್ ಕೆಲಸ ಮಾಡಿದವನು. ಅವತ್ತಿನಿಂದ ಕರೆಂಟಿಗೆ ಸಂಬಂಧಪಟ್ಟ ಎಲ್ಲದರಲ್ಲೂ ಅವನದೇ ಕೊನೆಯ ಮಾತು.

"ಟವರ್ ಸುಮ್ನೆ ಒದರಲ್ರೀ. ನಿಮ್ಮ ನಿಮ್ಮ ಕಿಸೆಯಾಗಿನ ಫೋನು ಕರೀತಾವೆ, ಅದಕ್ಕೆ ಅದು ಓಗೊಡ್ತೈತೆ. ಫೋನೆಲ್ಲ ತಗಡಿನ ಡಬ್ಬಿಯಾಗೆ ಹಾಕಿ ಮುಚ್ರಿ, ಚಿತ್ರ ಹೆಂಗೆ ಬರಲ್ಲ ನೋಡಾನ."

"ಆಫ್ ಮಾಡಿದ್ರೆ ಸಾಕಲ್ಲ?" ಎಂದ ಓಂಕಾರಪ್ಪ.

"ಆಫ್ ಮಾಡಿದ ಫೋನೂ ಉಸಿರಾಡ್ತೈತೆ."

ಕೊಟ್ರಬಸಪ್ಪ ಗಿರಣಿಯ ದೊಡ್ಡ ಹಿಟ್ಟಿನ ಡಬ್ಬಿ ತಂದ. ಜೋಳ ಬೀಸಿಸಲು ಬಂದವರಂತೆ ಸಾಲಾಗಿ ಬಂದು ಎಲ್ಲರೂ ಫೋನು ಹಾಕಿದರು. ಗಿಡ್ಡಪ್ಪ ಮುಚ್ಚಳ ಒತ್ತಿ, ಸಂದು ಉಳಿಯಬಾರದೆಂದು ತಾನೇ ಅದರ ಮೇಲೆ ಕೂತ.

ಚಿತ್ರದ ನಡುಕ ನಿಂತಿತು. ಹೊರಗೆ ಗಾಳಿಯೂ ನಿಂತು ತಗಡು ಅಲುಗದಾಗಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ಗಿಡ್ಡಪ್ಪ ಸಿಂಹಾಸನದ ಮೇಲಿದ್ದವನಂತೆ ಮೀಸೆ ಮುಟ್ಟಿಕೊಂಡ.

ಪ್ರಮೀಳಾ ಕಂಡಳು. ಪಕ್ಕದಲ್ಲಿ ಹಳ್ಳಿಗಳಿಗೆ ಮೊಬೈಲ್ ಜಾಲ ಹಬ್ಬಿಸುವ ಕಂಪನಿಯ ಅಧಿಕಾರಿಣಿಯೂ ಕೂತಿದ್ದಳು. ಜೋಳ ಎಲ್ಲಿಂದ ತರುತ್ತೇವೆ, ರೊಟ್ಟಿ ಮುರಿಯದಂತೆ ಹೇಗೆ ಕಟ್ಟುತ್ತೇವೆ ಎಂದು ಅವಳು ಒಂದು ಕಡೆಯೂ ತಡವರಿಸದೆ ಹೇಳುತ್ತಿದ್ದಳು. ಇಷ್ಟೊಂದು ಮಾತು ಇವಳಲ್ಲಿ ಎಲ್ಲಿತ್ತು ಎಂದು ಅವನು ಯೋಚಿಸಿದ. ಇದ್ದದ್ದು ಇಲ್ಲೇ, ಗಿರಣಿಯ ಸದ್ದಿನಾಚೆ.

"ಈಗ ನಿಮ್ಮ ಮನೆಯವರನ್ನೇ ಮಾತಾಡಿಸೋಣ," ಎಂದಳು ನಿರೂಪಕಿ ನಗುತ್ತ. "ಅವರಿಗೆ ಮೊದಲೇ ಹೇಳಿಲ್ಲ."

ಅಲ್ಲಿಂದಲೇ ಫೋನ್ ಹಚ್ಚಿದಳು. ಟಿ.ವಿ.ಯಿಂದ ಸ್ಪಷ್ಟವಾಗಿ ಕೇಳಿತು: "ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ."

ಪ್ರಮೀಳಾ ಸಂಘದ ಬೇರೆ ಹೆಂಗಸರ ನಂಬರ್ ಕೊಟ್ಟಳು. ಅವರೂ ವ್ಯಾಪ್ತಿಯ ಹೊರಗಿದ್ದರು. ವ್ಯಾಪ್ತಿಯ ಹೊರಗಿದ್ದವರೆಲ್ಲ ಒಟ್ಟಿಗೆ ತಿರುಗಿ ಗಿಡ್ಡಪ್ಪನ ಕೆಳಗಿನ ಡಬ್ಬಿಯನ್ನು ನೋಡಿದರು.

"ನೋಡ್ರಿ ಮೇಡಂ," ಪ್ರಮೀಳಾ ಪಕ್ಕದಲ್ಲಿ ಕೂತಿದ್ದ ಮೊಬೈಲ್ ಜಾಲದ ಅಧಿಕಾರಿಯ ಕಡೆ ತಿರುಗಿದಳು, "ಟವರ್ ನಿಲ್ಸ್ಯಾರೆ, ಹೆಸರಿಗೆ. ಇಡೀ ಊರೇ ಸಿಗವಲ್ದು. ಆರ್ಡರ್ ಕೊಡೋರು ಎಷ್ಟು ಮಂದಿ ಹಿಂಗೇ ವಾಪಸ್ ಹೋಗ್ಯಾರೋ. ನಮಗೆ ಇನ್ನೊಂದು ಟವರ್ ಬೇಕ್ರಿ."

"ಖಂಡಿತ ಹಾಕಿಸೋಣ. ಜಾಗ ಕೊಡುವವರು ಬೇಕಲ್ಲ."

"ಜಾಗ ನಮ್ಮ ಮಾಳಿಗೆ ಮೇಲೇ ಐತ್ರಿ. ಒಂದು ಹಳೇ ಡಿಶ್ ಐತೆ, ಎತ್ತಿಟ್ರೆ ಆತು. ನಮ್ಮ ಮನೆಯವರನ್ನ ಒಂದು ಮಾತು ಕೇಳಬೇಕು. ಇನ್ನೊಂದ್ಸಲ ಹಚ್ಚಿ ನೋಡ್ರಿ."

"ಏಳು ಗಿಡ್ಡಪ್ಪಣ್ಣ" ಎಂದ ಕೊಟ್ರಬಸಪ್ಪ. ಗಿಡ್ಡಪ್ಪನ ಭಾರಕ್ಕೆ ಮುಚ್ಚಳ ಕಚ್ಚಿಕೊಂಡಿತ್ತು. ಇಬ್ಬರು ಡಬ್ಬಿ ಹಿಡಿದರು, ಇಬ್ಬರು ಮುಚ್ಚಳ ಜಗ್ಗಿದರು. ಅದು ಕಿತ್ತುಬಂದ ರಭಸಕ್ಕೆ ಹಿಟ್ಟು ಎದ್ದು ಎಲ್ಲರ ಹುಬ್ಬು ಬೆಳ್ಳಗಾಯಿತು. ಒಳಗೆ ಒಂದು ಫೋನು ರಿಂಗಾಗುತ್ತಿತ್ತು. ಅದು ತನ್ನದೇ ಎಂದು ಕೊಟ್ರಬಸಪ್ಪ ತಡಕಿ ತೆಗೆದು, ಅಂಗಿಗೆ ಒರೆಸಿ, ಕಿವಿಗಿಟ್ಟ. ಫೋನುಗಳೆಲ್ಲ ಹೊರಗಿದ್ದರೂ ಟಿ.ವಿ.ಯ ಚಿತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ. ಗಿಡ್ಡಪ್ಪ ಛಾವಣಿ ನೋಡಿದ.

"ಏನ್ರೀ, ನಾನು ಕಾಣ್ತೀನಾ?" ಪ್ರಮೀಳಾಳ ದನಿ.

"ಕಾಣ್ತೀಯ," ಎಂದ. ಹುಬ್ಬಿನ ಹಿಟ್ಟು ಒರೆಸಿಕೊಂಡು, "ಚಂದ ಮಾತಾಡ್ತೀಯ" ಎಂದ.

"ಟವರ್ ವಿಷಯ ಕೇಳಿಸಿಕೊಂಡ್ರಾ? ನಿಮ್ಮ ಒಪ್ಪಿಗೆ ಐತಾ?"

ಡಬ್ಬಿಯ ವಿಷಯ ಒಂದೇ ಮಾತಿನಲ್ಲಿ ಹೇಳಿ ಡಿಶ್ ಉಳಿಸಿಕೊಳ್ಳಬಹುದಿತ್ತು. ಊರ ಮುಂದೆ, ನಾಡಿನ ಮುಂದೆ ಅವಳು ಹೇಳಿದ್ದು ಸುಳ್ಳಾಗುತ್ತಿತ್ತು, ಅಷ್ಟೇ. ಪರದೆಯ ಮೇಲೆ ಅವಳು ಉತ್ತರಕ್ಕಾಗಿ ಕಾಯುತ್ತಿದ್ದಳು.

"ಐತೆ," ಎಂದ ಕೊಟ್ರಬಸಪ್ಪ. "ನಾಳೇನೇ ಇಳಿಸ್ತೀನಿ."

ಫೋನಿನಲ್ಲಿ ಹೇಳಿದ್ದು ಟಿ.ವಿ.ಗೆ ಬರಲು ಕೊಂಚ ಹೊತ್ತು ಹಿಡಿಯಿತು. ಆಮೇಲೆ ಆ ಹಳೆಯ ಡಿಶ್ ಅವನದೇ ದನಿಯನ್ನು ಆಕಾಶದಿಂದ ಹಿಡಿದು ತಂದು, ಒಂದಕ್ಷರವೂ ಒಡೆಯದೆ ಇಡೀ ಓಣಿಗೆ ಕೇಳಿಸಿತು: "ನಾಳೇನೇ ಇಳಿಸ್ತೀನಿ."

ಪ್ರಮೀಳಾ ನಕ್ಕಳು. ಅಷ್ಟು ಸ್ವಚ್ಛವಾದ ಚಿತ್ರ ಆ ಟಿ.ವಿ.ಯಲ್ಲಿ ಹಿಂದೆಂದೂ ಬಂದಿರಲಿಲ್ಲ.